ಎಮಿಲಿ ಕಾರ್ ಕಟ್ಟಿಸಿದ ಮನೆ

ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಒಂದು ಸಂಜೆ ನನಗೆ ಸಣ್ಣದೊಂದು ಇಂಗ್ಲಿಷ್ ಪುಸ್ತಕ ದೊರೆಯಿತು. ಅದರ ಹೆಸರು ‘ದಿ ಹೌಸ್ ಆಫ್ ಆಲ್ ಸಾರ್ಟ್ಸ್’. ಎಲ್ಲ ಬಗೆಯವರ ಮನೆ ಎಂದು ಕನ್ನಡದಲ್ಲಿ ಹೇಳಬಹುದು. ಆಗ ನನಗೂ ನನ್ನ ಹೆಂಡತಿಗೂ ಸ್ವಂತದೊಂದು ಮನೆ ಕಟ್ಟಿಸಬೇಕೆಂಬ ಹಂಬಲ ಹತ್ತಿದ್ದ ಕಾಲ. ಆ ಹಂಬಲ ಇಂದಿಗೂ ಹಂಬಲವಾಗಿಯೇ ಉಳಿದಿದೆ ಎಂಬುದು ಬೇರೆಯ ಮಾತು. ಹೆಸರನ್ನು ನೋಡಿ, ಬಗೆಬಗೆಯ ಮನೆಗಳ ನಕ್ಷೆಗಳಿರುವ ಗ್ರಂಥವಿರಬೇಕೆಂದು ಭ್ರಮಿಸಿ ಕೊಂಡು ತಂದೆ. ರಾತ್ರಿ ದೀಪದ ಮುಂದೆ ಕುಳಿತು ತೆರೆದಾಗ ತಿಳಿಯಿತು, ಅದು ಮನೆ ಕಟ್ಟುವವರ ಪುಸ್ತಕವಲ್ಲ. ಮನೆ ಕಟ್ಟಿಸಿ ಕೆಟ್ಟವಳೊಬ್ಬಳ ಪುಸ್ತಕ ಎಂದು.

ನಾನು ಬಾಡಿಗೆಯ ಮನೆಗಳಲ್ಲಿಯೇ ಬಾಳುತ್ತ ಬಂದವನು. ಮನೆಯ ಒಡೆಯರೆಂಬ ವರ್ಗವನ್ನು ಕುರಿತು ನಮ್ಮಂಥವರ ಮನಸ್ಸಿನಲ್ಲಿ ಒಂದು ಅಭಿಪ್ರಾಯ ಮೊದಲೇ ಗಟ್ಟಿಯಾಗಿರುತ್ತದೆ. ತಿಂಗಳ ಮೊದಲ ವಾರದಲ್ಲಿ ಬಾಗಿಲು ತಟ್ಟುವ ಸದ್ದು, ನೀರನ್ನು ಹೆಚ್ಚು ಬಳಸಿದಿರೆಂಬ ಆಕ್ಷೇಪ, ಗೋಡೆಗೆ ಮೊಳೆ ಹೊಡೆದರೆ ಮುಖ ಗಂಟಿಕ್ಕುವುದು ಇವೆಲ್ಲ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆ. ಆದರೆ ಬಾಗಿಲಿನ ಆಚೆಯ ಕಡೆ ನಿಂತು ತಟ್ಟುವವರ ಎದೆಯಲ್ಲಿ ಏನಿರುತ್ತದೆಂದು ನಾನು ಎಂದೂ ಯೋಚಿಸಿದವನಲ್ಲ. ಈ ಪುಸ್ತಕ ನನ್ನಿಂದ ಅದನ್ನು ಮಾಡಿಸಿತು. ಬರೆದಾಕೆ ಕೆನಡಾ ದೇಶದ ಅತ್ಯಂತ ಪ್ರಸಿದ್ಧ ಚಿತ್ರಕಲಾವಿದೆಯರಲ್ಲಿ ಒಬ್ಬಳೆಂದು ಆಗ ನನಗೆ ತಿಳಿದೂ ಇರಲಿಲ್ಲ. ಆಮೇಲೆ ಆಕೆಯ ಉಳಿದ ಪುಸ್ತಕಗಳನ್ನೂ, ಚಿತ್ರಗಳ ಪ್ರತಿಗಳನ್ನೂ, ಆಕೆಯ ಊರಿನ ಇತಿಹಾಸವನ್ನೂ ಹುಡುಕಿ ಹುಡುಕಿ ಓದಿದೆ. ವಿಕ್ಟೋರಿಯಾ ನಗರವನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ ಅಲ್ಲಿನ ಜೇಮ್ಸ್ ಬೇ ಎಂಬ ಕೇರಿಯ ನಾಲ್ಕಾರು ಬೀದಿಗಳು ಈಗ ನನಗೆ ನಮ್ಮ ಬಡಾವಣೆಯಷ್ಟೇ ಪರಿಚಿತ. ಏಕೆಂದರೆ ಎಮಿಲಿ ಕಾರ್ ಹುಟ್ಟಿದ್ದು, ಕಟ್ಟಿದ್ದು, ಸೋತದ್ದು, ಬರೆದದ್ದು, ಕೊನೆಯುಸಿರೆಳೆದದ್ದು ಎಲ್ಲವೂ ಆ ಬೀದಿಗಳಲ್ಲಿಯೇ.

ಕೆನಡಾದ ಪಶ್ಚಿಮದ ಅಂಚಿನಲ್ಲಿ, ಶಾಂತಸಾಗರದ ಮಡಿಲಿನಲ್ಲಿ ವ್ಯಾಂಕೂವರ್ ದ್ವೀಪವಿದೆ. ಅದರ ತೆಂಕಣ ತುದಿಯಲ್ಲಿ 1843ರಲ್ಲಿ ಹಡ್ಸನ್ಸ್ ಬೇ ಕಂಪನಿಯವರು ತುಪ್ಪುಳಿನ ವ್ಯಾಪಾರಕ್ಕಾಗಿ ಒಂದು ಕೋಟೆಯನ್ನು ಕಟ್ಟಿದರು. ಅದೇ ವಿಕ್ಟೋರಿಯಾ. 1858ರಲ್ಲಿ ಎದುರುದಂಡೆಯ ಫ್ರೇಜರ್ ನದಿಯಲ್ಲಿ ಚಿನ್ನ ದೊರೆಯಿತೆಂಬ ಸುದ್ದಿ ಹಬ್ಬಿದಾಗ, ಕೆಲವು ನೂರು ಮಂದಿಯಿದ್ದ ಈ ಊರಿನ ಮೂಲಕ ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹಾದುಹೋದರು. ಡೇರೆಗಳು ಎದ್ದವು, ಅಂಗಡಿಗಳು ಎದ್ದವು, ಹಿಂದೆಯೇ ಮನೆಗಳೂ ಎದ್ದವು. ಕಲ್ಲಿಗಿಂತ ಮರವೇ ಅಗ್ಗವಾಗಿದ್ದ ನಾಡು ಅದು. ಗರಗಸದ ಕಾರ್ಖಾನೆಯಿಂದ ಅಳತೆಯಾಗಿ ಬರುವ ತೆಳುವಾದ ಹಲಗೆ, ಯಂತ್ರದಲ್ಲಿ ತಯಾರಾದ ಮೊಳೆ, ಕೈಗರಗಸದಿಂದ ಕೊರೆದ ಸೂರಂಚಿನ ಚಿತ್ತಾರ ಇಷ್ಟಿದ್ದರೆ ಸಾಧಾರಣ ಬಡಗಿಯೂ ಕೆಲವೇ ತಿಂಗಳಲ್ಲಿ ಒಂದು ಚೊಕ್ಕವಾದ ಕಾಟೇಜನ್ನು ನಿಲ್ಲಿಸಬಲ್ಲವನಾಗಿದ್ದ. ಹೊರಚಾಚಿದ ಕಿಟಕಿ, ಮುಂದೊಂದು ಜಗಲಿ, ಮರದ ಹೆಂಚು, ಸುತ್ತ ಬೇಲಿ, ಬೇಲಿಯೊಳಗೆ ಇಂಗ್ಲೆಂಡಿನಿಂದ ತರಿಸಿದ ಹೂಗಿಡ. ಜೇಮ್ಸ್ ಬೇ ಕೇರಿ ಇಂಥ ಮನೆಗಳಿಗಾಗಿಯೇ ಇಂದು ಹೆಸರಾಗಿದೆ. ಅವುಗಳಿಗೆಲ್ಲ ಅಜ್ಜನಂತಿರುವ ಹೆಲ್ಮ್‌ಕೆನ್ ವೈದ್ಯರ ಮನೆ 1852ರದು. ಅದು ಇನ್ನೂ ತನ್ನ ಮೊದಲಿನ ಸ್ಥಳದಲ್ಲಿಯೇ ಇದೆ. ಕಾರ್ ಕುಟುಂಬದ ಮಕ್ಕಳಿಗೆ ಕಾಯಿಲೆಯಾದರೆ ಬರುತ್ತಿದ್ದವರು ಆ ವೈದ್ಯರೇ.

ಎಮಿಲಿಯ ತಂದೆ ರಿಚರ್ಡ್ ಕಾರ್ ಇಂಗ್ಲೆಂಡಿನವನು. ಕ್ಯಾಲಿಫೋರ್ನಿಯದಲ್ಲಿ ಹಣ ಮಾಡಿ, 1863ರಲ್ಲಿ ವಿಕ್ಟೋರಿಯಾಕ್ಕೆ ಬಂದು, ಬಂದರಿನ ಹತ್ತಿರ ಸಗಟು ವ್ಯಾಪಾರ ತೆರೆದ. ರೈಟ್ ಮತ್ತು ಸ್ಯಾಂಡರ್ಸ್ ಎಂಬ ಜೋಡಿ ವಾಸ್ತುಶಿಲ್ಪಿಗಳಿಂದ 1863-64ರಲ್ಲಿ ಎರಡು ಅಂತಸ್ತಿನ ಮನೆಯನ್ನು ಕಟ್ಟಿಸಿದ. ಇಳಿಜಾರು ಕಡಿಮೆಯಾದ ಮಾಡು, ಅಗಲವಾದ ಸೂರು, ಸೂರನ್ನು ಹೊತ್ತ ಮದನಕೈಗಳು, ಉದ್ದನೆಯ ಕಿಟಕಿಗಳು. ಇಟಲಿಯ ಹಳ್ಳಿಗಾಡಿನ ಸಿರಿವಂತರ ಮನೆಯ ಮಾದರಿಯನ್ನು ಮರದಲ್ಲಿ ಅನುಕರಿಸಿದ ಶೈಲಿ ಅದು. ಮರವಾದರೋ ಕ್ಯಾಲಿಫೋರ್ನಿಯದಿಂದ ಬಂದ ರೆಡ್‌ವುಡ್. ಹೀಗೆ ಇಟಲಿಯ ಆಕೃತಿಯನ್ನೂ ಅಮೆರಿಕದ ಮರವನ್ನೂ ತಂದು, ಅದರ ಸುತ್ತ ಅಪ್ಪಟ ಇಂಗ್ಲಿಷ್ ತೋಟವನ್ನು ಬೆಳೆಸಿ, ತನ್ನ ಜಾಗವನ್ನು ಇಂಗ್ಲೆಂಡಿನ ತುಣುಕಾಗಿಸಲು ಆ ಮನುಷ್ಯ ಹೆಣಗಿದ. ಮನೆಯ ಮುಂದಿನ ಬೀದಿಗೂ ಆಗ ಕಾರ್ ಬೀದಿಯೆಂದೇ ಹೆಸರಿತ್ತು. ಇಂದು ಅದು ಗವರ್ನ್‌ಮೆಂಟ್ ಬೀದಿಯ ಭಾಗ.

ಇಲ್ಲಿ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಆ ಮನೆಗೆ ಅಡಿಪಾಯ ಬೀಳುವುದಕ್ಕೆ ಒಂದು ವರ್ಷ ಮೊದಲು, 1862ರ ವಸಂತದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಹಡಗೊಂದರ ಮೂಲಕ ವಿಕ್ಟೋರಿಯಾಕ್ಕೆ ಸಿಡುಬು ಬಂದಿತು. ಊರಿನ ಅಂಚಿನಲ್ಲಿ ಬಡಗಣ ಕರಾವಳಿಯ ಹೈಡಾ, ತ್ಸಿಂಶಿಯನ್ ಮೊದಲಾದ ಮೂಲನಿವಾಸಿಗಳು ವ್ಯಾಪಾರಕ್ಕೂ ಕೂಲಿಗೂ ಬಂದು ಬೀಡುಬಿಟ್ಟಿದ್ದರು. ಆಡಳಿತದವರು ಅವರನ್ನು ಅಲ್ಲಿಂದ ಹೊರಡಿಸಿದರು, ಬಿಡಾರಗಳನ್ನು ಸುಟ್ಟರು. ರೋಗವನ್ನು ಹೊತ್ತ ದೋಣಿಗಳು ಊರೂರು ಮುಟ್ಟುತ್ತ ಬಡಗಲಿಗೆ ಸಾಗಿದವು. ಕರಾವಳಿಯ ಉದ್ದಕ್ಕೂ ಎಷ್ಟೋ ಹಳ್ಳಿಗಳು ಬರಿದಾದವು. ಅಲ್ಲಿದ್ದವೂ ಮನೆಗಳೇ, ಸೀಡರ್ ಮರದ ದೈತ್ಯ ಕಂಬಗಳ ಮೇಲೆ ಸೀಳಿದ ಹಲಗೆಗಳನ್ನು ಹೊದಿಸಿ ಕಟ್ಟಿದ, ಹಲವು ಸಂಸಾರಗಳು ಒಂದೇ ಸೂರಿನಡಿ ಬಾಳುತ್ತಿದ್ದ ಮಹಾಮನೆಗಳು. ಅವುಗಳ ಮುಂದೆ ಕುಲದ ಕಥೆಯನ್ನು ಕೆತ್ತಿದ ಟೋಟೆಮ್ ಕಂಬಗಳು. ಒಂದು ಕಡೆ ಮನೆಗಳು ಏಳುತ್ತಿದ್ದ ಕಾಲ, ಇನ್ನೊಂದು ಕಡೆ ಮನೆಗಳು ಪಾಳು ಬೀಳುತ್ತಿದ್ದ ಕಾಲ. ಎಮಿಲಿ ಕಾರ್ ಈ ಎರಡಕ್ಕೂ ಸೇರಿದವಳಾದಳು.

ಆಕೆ ಹುಟ್ಟಿದ್ದು 1871ರ ಡಿಸೆಂಬರ್ 13ರಂದು, ಆ ರೆಡ್‌ವುಡ್ ಮನೆಯಲ್ಲಿ. ಮನೆಯ ತುಂಬ ಹೆಣ್ಣುಮಕ್ಕಳು. ಎಡಿತ್, ಕ್ಲಾರಾ, ಲಿಜ್ಜಿ, ಆಲಿಸ್, ಎಲ್ಲರಿಗಿಂತ ಕಿರಿಯ ಹುಡುಗಿ ಎಮಿಲಿ, ಆಕೆಯ ಬೆನ್ನಿಗೆ ಹುಟ್ಟಿದ ಒಬ್ಬನೇ ತಮ್ಮ. ತಂದೆ ಶಿಸ್ತಿನ ಮನುಷ್ಯ. ಭಾನುವಾರ ಬಂದರೆ ಮನೆಯೆಲ್ಲ ಪ್ರಾರ್ಥನೆಯ ಗಾಂಭೀರ್ಯ. ಕಿರಿಯವಳಿಗೆ ಒಲವು ಹಟ್ಟಿಯ ಹಸುವಿನ ಮೇಲೆ, ಹತ್ತಿರದ ಬೀಕನ್ ಹಿಲ್ ಕಾಡಿನ ಮೇಲೆ. 1886ರಲ್ಲಿ ತಾಯಿ ಕ್ಷಯದಿಂದ ತೀರಿಕೊಂಡಳು; 1888ರಲ್ಲಿ ತಂದೆ. ಮನೆಯ ಆಡಳಿತ ಹಿರಿಯಕ್ಕ ಎಡಿತಳ ಕೈಗೆ ಬಂತು. ಅಕ್ಕನ ಆಡಳಿತವೂ ತಂಗಿಯ ಹಟವೂ ಒಂದೇ ಸೂರಿನಡಿ ಹೊಂದಲಾರದಾದವು. 1890ರಲ್ಲಿ ಪೋಷಕರ ಒಪ್ಪಿಗೆ ಪಡೆದು ಎಮಿಲಿ ಸ್ಯಾನ್ ಫ್ರಾನ್ಸಿಸ್ಕೋದ ಚಿತ್ರಶಾಲೆಗೆ ಹೊರಟಳು.

ಮುಂದಿನ ಇಪ್ಪತ್ತು ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅವು ಕಲಿಕೆಯ ವರ್ಷಗಳು. ಹಿಂದಿರುಗಿ ಬಂದವಳು ತಂದೆಯ ಹಟ್ಟಿಯ ಅಟ್ಟವನ್ನು ಚಿತ್ರಶಾಲೆಯಾಗಿ ಮಾಡಿಕೊಂಡು, ಊರಿನ ಮಕ್ಕಳಿಗೆ ಪಾಠ ಹೇಳಿದಳು. ಕೆಳಗೆ ಹಸು, ಮೇಲೆ ಕಲೆ. ದ್ವೀಪದ ಪಡುವಣ ದಂಡೆಯ ಯುಕ್ಲುಲೆಟ್ ಎಂಬ ಹಳ್ಳಿಗೆ ಹೋದಾಗ ಅಲ್ಲಿನ ಜನ ಆಕೆಗೆ ಕ್ಲೀ ವಿಕ್ ಎಂದು ಹೆಸರಿಟ್ಟರು. ನಗುವವಳು ಎಂದು ಅದರ ಅರ್ಥ. 1899ರಲ್ಲಿ ಇಂಗ್ಲೆಂಡಿಗೆ ಹೋದಳು. ಲಂಡನ್ನಿನ ಹೊಗೆ ಒಗ್ಗದೆ ಹಾಸಿಗೆ ಹಿಡಿದು, ಹದಿನೆಂಟು ತಿಂಗಳು ಆರೋಗ್ಯಧಾಮದಲ್ಲಿದ್ದು, 1904ರಲ್ಲಿ ಮರಳಿದಳು. 1907ರಲ್ಲಿ ಆಲಿಸಳೊಡನೆ ಅಲಾಸ್ಕಾದ ಕಡೆ ಹೋಗಿದ್ದಾಗ ಟೋಟೆಮ್ ಕಂಬಗಳನ್ನು ಕಂಡು, ಅವು ಇದ್ದ ಇದ್ದ ಊರುಗಳಿಗೆ ಹೋಗಿ ಚಿತ್ರಿಸಿಡಬೇಕೆಂದು ನಿಶ್ಚಯಿಸಿದಳು. 1910-11ರಲ್ಲಿ ಫ್ರಾನ್ಸಿಗೆ ಹೋಗಿ ಹೊಸ ಪಂಥದ ಬಣ್ಣಗಾರಿಕೆಯನ್ನು ಕಲಿತು ಬಂದಳು. 1912ರ ಬೇಸಗೆಯಲ್ಲಿ ದೋಣಿಗಳಲ್ಲಿ, ಹಡಗುಗಳಲ್ಲಿ, ಕಾಲ್ನಡಿಗೆಯಲ್ಲಿ ಸ್ಕೀನಾ ನದಿಯ ಕಡೆಗೂ ಹೈಡಾ ಜನರ ದ್ವೀಪಗಳಿಗೂ ಹೋದಳು.

ಸ್ಕಿಡನ್ಸ್, ತಾನೂ, ಕಮ್ಶೀವಾ. ಜನ ಬಿಟ್ಟುಹೋದ ಆ ಹಳ್ಳಿಗಳಲ್ಲಿ ಆಕೆ ಕಂಡದ್ದು ಮಾಡಿಲ್ಲದ ಮನೆಗಳನ್ನು. ಮೂಲೆಯ ಕಂಬಗಳು ನಿಂತಿವೆ, ಹಲಗೆಗಳು ಕೊಳೆತು ಬಿದ್ದಿವೆ, ಹಾವಸೆ ಬೆಳೆದಿದೆ, ನಡುವೆ ಎಳೆಯ ಮರಗಳು ಎದ್ದಿವೆ, ಮುಂದೆ ಬಾಗಿದ ಟೋಟೆಮ್ ಕಂಬದ ಮೇಲೆ ಕಾಗೆಯೂ ಕರಡಿಯೂ ಇನ್ನೂ ಕಣ್ಣರಳಿಸಿ ಕಡಲನ್ನು ನೋಡುತ್ತಿವೆ. ತನ್ನ ತಂದೆಯ ಮನೆ ಎದ್ದ ದಿನಗಳಲ್ಲಿಯೇ ಈ ಮನೆಗಳ ಜನ ಸತ್ತರೆಂಬ ಲೆಕ್ಕವನ್ನು ಆಕೆ ಕೂಡಿಸಿ ನೋಡಿದಳೋ ಇಲ್ಲವೋ, ನಾವು ನೋಡಬಹುದು. ಆ ಸಮುದಾಯಗಳು ಅಳಿದುಹೋಗುತ್ತಿವೆಯೆಂದು ಆ ಕಾಲದ ಬಿಳಿಯರಂತೆ ಆಕೆಯೂ ನಂಬಿದ್ದಳು. ಅದು ಸುಳ್ಳಾಯಿತು, ಹೈಡಾ ಜನ ಕೆಲವೇ ನೂರಕ್ಕೆ ಇಳಿದರೂ ಅಳಿಯಲಿಲ್ಲ, ಇಂದು ತಮ್ಮ ಕಂಬಗಳನ್ನು ತಾವೇ ಮತ್ತೆ ಕೆತ್ತಿ ನಿಲ್ಲಿಸುತ್ತಿದ್ದಾರೆ.

1913ರಲ್ಲಿ ವ್ಯಾಂಕೂವರ್ ನಗರದಲ್ಲಿ ಸುಮಾರು 200 ಚಿತ್ರಗಳ ಪ್ರದರ್ಶನವನ್ನು ಆಕೆ ಏರ್ಪಡಿಸಿದಳು. ಪ್ರಾಂತದ ಸರಕಾರ ಅವನ್ನು ಕೊಂಡು ಕಾಪಾಡಲೆಂದು ಆಸೆಪಟ್ಟಳು. ದಾಖಲೆಯೆನ್ನುವುದಕ್ಕೆ ಬಣ್ಣ ಹೆಚ್ಚಾಯಿತೆಂದು ಪರೀಕ್ಷಿಸಿದವರಿಗೆ ತೋರಿತು, ಸರಕಾರ ಕೊಳ್ಳಲಿಲ್ಲ. ಆಕೆಗೆ ನಲವತ್ತೊಂದು ತುಂಬಿತ್ತು. ಗಂಡನಿಲ್ಲ, ನೌಕರಿಯಿಲ್ಲ. ಇದ್ದದ್ದು ತಂದೆಯ ನೆಲದಲ್ಲಿ ತನ್ನ ಪಾಲಿಗೆ ಬಂದ ಒಂದು ತುಂಡು, ಒಂದು ಕಾಲದಲ್ಲಿ ಹಸು ಮೇಯುತ್ತಿದ್ದ ಜಾಗ.

ಅಲ್ಲಿ ಆಕೆ ಮನೆ ಕಟ್ಟಿಸಿದಳು. ಸಿಮ್ಕೋ ಬೀದಿಯ 646ನೆಯ ಸಂಖ್ಯೆಯ ಆ ಮನೆಯನ್ನು ರೂಪಿಸಿದವನು ಜಾನ್ ವಿಲ್ಸನ್ ಎಂಬ ವಾಸ್ತುಶಿಲ್ಪಿ. ಲೆಕ್ಕಾಚಾರವೇನೋ ಸರಳವಾಗಿತ್ತು: ಬಿಡಾರಗಳನ್ನು ಬಾಡಿಗೆಗೆ ಕೊಡುವುದು, ಮೇಲಂತಸ್ತಿನಲ್ಲಿ ಬಡಗಣ ಬೆಳಕು ಬೀಳುವ ದೊಡ್ಡ ಕಿಟಕಿಯ ಚಿತ್ರಶಾಲೆಯನ್ನು ತನಗೆ ಇಟ್ಟುಕೊಳ್ಳುವುದು. ಬಾಡಿಗೆ ಹೊಟ್ಟೆಯನ್ನು ನೋಡಿಕೊಂಡರೆ ಕೈ ಕುಂಚವನ್ನು ಹಿಡಿಯಬಹುದು. ಇದರಲ್ಲಿ ತಪ್ಪೇನಿದೆ? ನಾವಾದರೂ ಹೀಗೆಯೇ ಯೋಚಿಸುತ್ತಿರಲಿಲ್ಲವೆ? ಆದರೆ ಮನೆ ಮುಗಿಯುವುದಕ್ಕೂ ಊರಿನ ಭೂಮಿಯ ವ್ಯಾಪಾರದ ಉಬ್ಬರ ಇಳಿಯುವುದಕ್ಕೂ ಸರಿಹೋಯಿತು. 1914ರಲ್ಲಿ ಯುದ್ಧ ಬಂತು. ಬಾಡಿಗೆ ಬಿತ್ತು, ಬೆಲೆಗಳು ಏರಿದವು. ಕಲೆಯನ್ನು ಸಾಕಬೇಕೆಂದು ಕಟ್ಟಿದ ಮನೆ ಕಲೆಯನ್ನೇ ತಿನ್ನತೊಡಗಿತು.

ಆ ಪುಸ್ತಕದ ಜೀವ ಇರುವುದು ಇಲ್ಲಿ. ಎಮಿಲಿ ಕಾರ್ ಬೆಳಗ್ಗೆ ಎದ್ದು ನೆಲಮಾಳಿಗೆಗೆ ಇಳಿದು ಕುಲುಮೆಗೆ ಕಲ್ಲಿದ್ದಲು ತುಂಬುತ್ತಾಳೆ; ಮೇಲಿನವರಿಗೆ ಸೆಕೆ, ಕೆಳಗಿನವರಿಗೆ ಚಳಿ. ಒಂದು ಬಿಡಾರದವರಿಗೆ ಇನ್ನೊಂದು ಬಿಡಾರದವರ ಸಂಗೀತ ಆಗದು. ಕೈಹಿಡಿತ ಬಿಗಿಯಾದಾಗ ತಾನಿದ್ದ ಭಾಗವನ್ನೂ ಬಾಡಿಗೆಗೆ ಕೊಟ್ಟು, ಹಿತ್ತಲಿನಲ್ಲಿ ಡೇರೆ ಹೊಡೆದು ಮಲಗುತ್ತಾಳೆ. ಕೋಳಿ ಸಾಕುತ್ತಾಳೆ, ಮೊಲ ಸಾಕುತ್ತಾಳೆ. ಜೂಲುನಾಯಿಗಳ ತಳಿ ಬೆಳೆಸಿ ಮುನ್ನೂರಕ್ಕೂ ಮಿಕ್ಕಿ ಮರಿಗಳನ್ನು ಮಾರುತ್ತಾಳೆ. ಕಡಲ ದಂಡೆಯ ದಿಬ್ಬದಿಂದ ಜೇಡಿಮಣ್ಣನ್ನು ಅಗೆದು ತಂದು, ಹಿತ್ತಲಿನಲ್ಲಿಯೇ ಆವಿಗೆ ಕಟ್ಟಿ, ಮಡಕೆ ಕುಡಿಕೆಗಳನ್ನು ಸುಟ್ಟು, ಅವುಗಳ ಮೇಲೆ ಮೂಲನಿವಾಸಿಗಳ ಚಿತ್ತಾರ ಬರೆದು ಪ್ರವಾಸಿಗಳಿಗೆ ಮಾರುತ್ತಾಳೆ. ಇನ್ನೊಬ್ಬರ ಕುಲದ ಗುರುತನ್ನು ಹೂದಾನಿಯ ಮೇಲೆ ಬಳಿದು ಕಾಸು ಮಾಡುವುದು ಆಕೆಗೇ ನಾಚಿಕೆ ತಂದಿತ್ತು. ಅದನ್ನು ಆಕೆ ಮುಚ್ಚಿಡಲಿಲ್ಲ. ಇಂದಿನ ವಿಮರ್ಶಕರು ಅದೇ ಪ್ರಶ್ನೆಯನ್ನು ಆಕೆಯ ಚಿತ್ರಗಳ ವಿಷಯದಲ್ಲಿಯೂ ಎತ್ತುತ್ತಾರೆ. ಎತ್ತಬೇಕಾದ ಪ್ರಶ್ನೆಯೇ ಅದು.

ಬಾಡಿಗೆದಾರರನ್ನು ಆಕೆ ಚಿತ್ರಿಸಿರುವ ರೀತಿಯನ್ನು ಓದುವಾಗ ನನಗೆ ಮೊದಲು ಸಿಟ್ಟು ಬಂತು. ನಮ್ಮವರ ಪರವಾಗಿ ವಾದಿಸಬೇಕೆನಿಸಿತು. ಆಕೆ ಮೃದುವಾದ ಹೆಂಗಸಲ್ಲ, ನ್ಯಾಯವಾದ ಹೆಂಗಸೂ ಎಲ್ಲ ಕಡೆಯೂ ಅಲ್ಲ. ಆದರೆ ಪುಟ ತಿರುವಿದಂತೆ ಒಂದು ಅಂಶ ಮನಸ್ಸಿಗೆ ನಾಟಿತು. ಆಕೆಯ ಚಿತ್ರಶಾಲೆಯೇ ಬಂದುಹೋಗುವವರ ಹಜಾರವೂ ಆಗಿತ್ತು. ಅಲ್ಲಿನ ಕುರ್ಚಿಗಳನ್ನು ಆಕೆ ರಾಟೆ ಹಗ್ಗಗಳಿಂದ ಮಾಡಿಗೆ ಎತ್ತಿ ಕಟ್ಟಿದ್ದಳು. ಬೇಕಾದವರು ಬಂದರೆ ಮಾತ್ರ ಕೆಳಗಿಳಿಸುವುದು. ಊರಿನವರಿಗೆ ಅದು ಹುಚ್ಚಾಗಿ ಕಂಡಿತು. ಕೆಲಸ ಮಾಡಲು ಒಂದಿಷ್ಟು ಬರಿಯ ನೆಲ ಬೇಕೆಂದು ಹಂಬಲಿಸುವವರಿಗೆ ಅದು ಹುಚ್ಚಾಗಿ ಕಾಣಲಾರದು. ಮೂರು ಮಂದಿ ಮಕ್ಕಳ ಗದ್ದಲದ ನಡುವೆ ಉತ್ತರಪತ್ರಿಕೆಗಳನ್ನು ತಿದ್ದುವ ನನ್ನಂಥವನಿಗಂತೂ ಆ ರಾಟೆಯ ಮೇಲೆ ಅಸೂಯೆಯೇ ಹುಟ್ಟಿತು.

ಈ ಅವಧಿಯಲ್ಲಿ ಹದಿನೈದು ವರ್ಷ ತಾನು ಕುಂಚವನ್ನೇ ಮುಟ್ಟಲಿಲ್ಲವೆಂಬ ಅರ್ಥದಲ್ಲಿ ಆಕೆ ಬರೆದುಕೊಂಡಿದ್ದಾಳೆ. ಅದು ಪೂರ್ತಿ ನಿಜವಲ್ಲ. ಆ ವರ್ಷಗಳ ಕೆಲವು ಚಿತ್ರಗಳು ಉಳಿದಿವೆ. ತನ್ನ ವಯಸ್ಸಿನ ವಿಷಯದಲ್ಲಿಯೂ ಆಕೆಯ ಲೆಕ್ಕ ಸಡಿಲ. ಆತ್ಮಚರಿತ್ರೆಯನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳಿಗೆ ನಾನು ಇದನ್ನು ಎತ್ತಿ ತೋರಿಸುವುದುಂಟು: ಸಂಗತಿ ತಪ್ಪಿದ್ದರೂ ಹಸಿವು ಸುಳ್ಳಲ್ಲ. ಚಿತ್ರ ಬರೆಯಬೇಕಾದವಳು ಚಿತ್ರ ಬರೆಯದೆ ಕಳೆದ ದಿನ ಆಕೆಗೆ ವರ್ಷದಂತೆ ಕಂಡಿರಬೇಕು.

1927ರಲ್ಲಿ ಭಾಗ್ಯ ತಿರುಗಿತು. ಪಶ್ಚಿಮ ಕರಾವಳಿಯ ಮೂಲನಿವಾಸಿಗಳ ಕಲೆಯನ್ನೂ ಹೊಸ ಕಲಾವಿದರ ಕೃತಿಗಳನ್ನೂ ಸೇರಿಸಿ ಆಟವಾದ ರಾಷ್ಟ್ರೀಯ ಚಿತ್ರಶಾಲೆಯವರು ಪ್ರದರ್ಶನ ನಡೆಸಲು ಹೊರಟರು. ನಾಯಿಮರಿ ಮಾರುತ್ತಿದ್ದ ಮನೆಯೊಡತಿಯ ಅಟ್ಟದಲ್ಲಿ ಚಿತ್ರಗಳ ರಾಶಿಯಿದೆಯೆಂದು ಅವರಿಗೆ ತಿಳಿದು ಬಂದಿತು. ಆಕೆಯ ಚಿತ್ರಗಳು, ಮಡಕೆಗಳು, ನೆಯ್ದ ಜಮಖಾನಗಳು ದೇಶದ ಮತ್ತೊಂದು ತುದಿಗೆ ಪ್ರಯಾಣ ಮಾಡಿದವು, ಹಿಂದೆಯೇ ಆಕೆಯೂ. ದಾರಿಯಲ್ಲಿ ಟೊರಾಂಟೊದಲ್ಲಿ ಲಾರೆನ್ ಹ್ಯಾರಿಸ್ ಎಂಬ ಕಲಾವಿದನ ಪರಿಚಯವಾಯಿತು. ಏಳು ಮಂದಿಯ ಗುಂಪೆಂದು ಕೆನಡಾದಲ್ಲಿ ಹೆಸರಾದ ಚಿತ್ರಕಾರರಲ್ಲಿ ಆತ ಪ್ರಮುಖ. ತನ್ನವರೆನ್ನುವವರು ಇದ್ದಾರೆಂದು ಐವತ್ತೈದು ದಾಟಿದ ಮೇಲೆ ತಿಳಿದುಬಂದ ಆ ಹೆಂಗಸು ಊರಿಗೆ ಬಂದು ಹೊಸ ಹುಟ್ಟು ಪಡೆದವಳಂತೆ ಕೆಲಸಕ್ಕೆ ತೊಡಗಿದಳು. 1928ರಲ್ಲಿ ಮತ್ತೆ ಬಡಗಣ ಹಳ್ಳಿಗಳಿಗೆ ಹೋದಳು. ಆಮೇಲೆ ಕಂಬಗಳಿಂದ ಕಾಡಿಗೆ, ಕಾಡಿನಿಂದ ಬಾನಿಗೆ ಆಕೆಯ ಚಿತ್ರ ಸರಿಯಿತು. 1933ರಲ್ಲಿ ಗಾಲಿಯ ಮೇಲಿನ ಹಳೆಯ ಬಂಡಿಮನೆಯೊಂದನ್ನು ಕೊಂಡು, ಅದಕ್ಕೆ ಆನೆಯೆಂದು ಹೆಸರಿಟ್ಟು, ಬೇಸಗೆಯಲ್ಲಿ ಕಾಡಿನಂಚಿಗೆ ಎಳೆಯಿಸಿಕೊಂಡು ಹೋಗಿ ನಾಯಿಗಳು, ಒಂದು ಇಲಿ, ವೂ ಎಂಬ ಜಾವಾದ ಕೋತಿ ಇವುಗಳೊಡನೆ ಸಂಸಾರ ಹೂಡುತ್ತಿದ್ದಳು. ಬಾಡಿಗೆದಾರರಿಲ್ಲದ ಮನೆಯೆಂದರೆ ಆಕೆಯ ಬಾಳಿನಲ್ಲಿ ಅದೊಂದೇ.

1936ರಲ್ಲಿ ಸಿಮ್ಕೋ ಬೀದಿಯ ಮನೆಯನ್ನು ಬೇರೊಂದು ಸಣ್ಣ ಮನೆಗೆ ವಿನಿಮಯ ಮಾಡಿ ಬಿಟ್ಟಳು. ತಾನು ಹೋಗಿ ಸೇರಿದ್ದು ಅದೇ ಕೇರಿಯ ಬೆಕ್ಲಿ ಬೀದಿಯ ಒಂದು ಪುಟ್ಟ ಕಾಟೇಜನ್ನು, ಅದೂ ಬಾಡಿಗೆಗೆ! ಇಪ್ಪತ್ತಮೂರು ವರ್ಷ ಬಾಗಿಲು ತಟ್ಟಿದವಳು ಈಗ ತಟ್ಟಿಸಿಕೊಳ್ಳುವವಳಾದಳು. ಮರುವರ್ಷ ಹೃದಯಾಘಾತವಾಯಿತು, ಹೆಚ್ಚು ನಡೆಯುವಂತಿಲ್ಲ, ಕಾಡಿಗೆ ಹೋಗುವಂತಿಲ್ಲ. ಹಾಸಿಗೆಯಲ್ಲಿ ಕುಳಿತು ಬರೆಯತೊಡಗಿದಳು. 1941ರಲ್ಲಿ ‘ಕ್ಲೀ ವಿಕ್’ ಹೊರಬಂದಿತು. ಬುಟ್ಟಿ ಹೆಣೆಯುವ ಕಸುಬಿನ, ಹೆತ್ತ ಎಷ್ಟೋ ಮಕ್ಕಳನ್ನು ಮಣ್ಣು ಮಾಡಿದ್ದ ಸ್ಕ್ವಾಮಿಶ್ ಜನಾಂಗದ ಗೆಳತಿ ಸೋಫಿಗೆ ಆ ಪುಸ್ತಕ ಅರ್ಪಿತವಾಗಿದೆ. ಅದಕ್ಕೆ ದೇಶದ ಗವರ್ನರ್ ಜನರಲ್ ಪ್ರಶಸ್ತಿ ಬಂದಿತು. 1942ರಲ್ಲಿ ಬಾಲ್ಯದ ಮನೆಯ ಕಥೆಯಾದ ‘ದಿ ಬುಕ್ ಆಫ್ ಸ್ಮಾಲ್’; 1944ರಲ್ಲಿ ನನ್ನ ಕೈಗೆ ಸಿಕ್ಕ ಪುಸ್ತಕ. ತನ್ನನ್ನು ಸಾಕಲಾರದೆ ಹೋದ ಮನೆ ಕೊನೆಗೆ ಹೀಗೆ ಬಾಡಿಗೆ ಸಲ್ಲಿಸಿತು.

ಅಷ್ಟರಲ್ಲಿ ಆಕೆ ಬೆಕ್ಲಿ ಬೀದಿಯನ್ನೂ ಬಿಟ್ಟು, 1940ರಲ್ಲಿ ಆಲಿಸಳ ಮನೆಯನ್ನು ಸೇರಿದ್ದಳು. ಆಲಿಸ್ ಮಕ್ಕಳ ಶಾಲೆ ನಡೆಸುತ್ತಿದ್ದ ಮನೆ ಅದು. ಉಳಿದ ಅಕ್ಕಂದಿರೆಲ್ಲ ಹೋಗಿದ್ದರು. ಅಕ್ಕನಿಗೆ ಕಣ್ಣು ಮಂಜಾಗುತ್ತಿತ್ತು, ತಂಗಿಗೆ ಎದೆ ಸೋಲುತ್ತಿತ್ತು. ಕಡೆಯದಾಗಿ ವಿಶ್ರಾಂತಿಗೆಂದು ಸೇಂಟ್ ಮೇರೀಸ್ ಪ್ರಯೊರಿ ಎಂಬ ಶುಶ್ರೂಷಾಗೃಹಕ್ಕೆ ಸೇರಿದಾಕೆ 1945ರ ಮಾರ್ಚ್ 2ರಂದು ಅಲ್ಲಿಯೇ ತೀರಿಕೊಂಡಳು. ಆ ಕಟ್ಟಡ ಗವರ್ನ್‌ಮೆಂಟ್ ಬೀದಿಯಲ್ಲಿ, ಆಕೆ ಹುಟ್ಟಿದ ಮನೆಯಿಂದ ಕೆಲವೇ ಹೆಜ್ಜೆಗಳ ದೂರದಲ್ಲಿದೆ. ಲಂಡನ್, ಪ್ಯಾರಿಸ್, ಸ್ಕೀನಾ, ಹೈಡಾ ದ್ವೀಪ ಎಲ್ಲವನ್ನೂ ಸುತ್ತಿದವಳ ಹುಟ್ಟಿಗೂ ಸಾವಿಗೂ ನಡುವೆ ನೆಲದ ಅಂತರ ಅಷ್ಟೇ.

ಹುಟ್ಟಿದ ಮನೆಯನ್ನು 1964ರಲ್ಲಿ ಕೆನಡಾದ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಲಾಯಿತು. 1976ರಲ್ಲಿ ಪ್ರಾಂತದ ಸರಕಾರ ಅದನ್ನು ಕೊಂಡಿತು. ಆಕೆಯ ಚಿತ್ರಗಳನ್ನು ಒಮ್ಮೆ ಬೇಡವೆಂದಿದ್ದ ಸರಕಾರವೇ ಅದು. ಹೈಡಾ ದ್ವೀಪಗಳ ತೆಂಕಣ ತುದಿಯ ಸ್ಗಾಂಗ್ ಗ್ವಾಯ್ ಎಂಬ ಹಳ್ಳಿಯ ಮನೆಗಂಬಗಳು 1981ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಉಳಿದ ಹಳ್ಳಿಗಳ ಕಂಬಗಳಲ್ಲಿ ಎಷ್ಟೋ ಹಾವಸೆಯ ಕೆಳಗೆ ಮಣ್ಣಿಗೆ ಮರಳಿವೆ. ಹಾಗೆ ಮರಳುವುದೇ ಅವುಗಳ ಧರ್ಮವೆಂದು ಹೈಡಾ ಹಿರಿಯರ ನಂಬಿಕೆ.

ಆದರೆ ನನ್ನ ಮನಸ್ಸು ಹೋಗುವುದು ಸಿಮ್ಕೋ ಬೀದಿಯ ಮನೆಗೆ. ಅದೂ ಇನ್ನೂ ನಿಂತಿದೆ. ಅದರ ಅಟ್ಟದಲ್ಲಿ, ಇಳಿಜಾರು ಮಾಡಿನ ಒಳಮೈಯ ಹಲಗೆಗಳ ಮೇಲೆ, ತಾನು ಮಲಗುತ್ತಿದ್ದ ಹಾಸಿಗೆಯ ನೇರ ಮೇಲೆ, ಎಮಿಲಿ ಕಾರ್ ರೆಕ್ಕೆ ಬಿಚ್ಚಿದ ಎರಡು ದೊಡ್ಡ ಹದ್ದುಗಳನ್ನು ಬರೆದಿದ್ದಳು. ಕುಲುಮೆಗೆ ಕಲ್ಲಿದ್ದಲು ತುಂಬಿ, ಎಲ್ಲರ ದೂರು ಕೇಳಿ ಬಂದು ರಾತ್ರಿ ಮಲಗಿದರೆ ಕಣ್ಣಿಗೆ ಬೀಳುತ್ತಿದ್ದವು ಅವೇ. 1936ರಲ್ಲಿ ಮನೆಯನ್ನು ಬಿಡುವಾಗ ಚಿತ್ರಗಳನ್ನೆಲ್ಲ ಕಟ್ಟಿ ಸಾಗಿಸಿದಳು. ಕೋತಿ, ನಾಯಿಗಳನ್ನೂ ಕರೆದೊಯ್ದಳು. ಆ ಹದ್ದುಗಳನ್ನು ಮಾತ್ರ ಒಯ್ಯಲಾಗಲಿಲ್ಲ. ಅವು ಇದ್ದದ್ದು ಮಾಡಿನ ಮೇಲೆಯೇ.